ಎಡಗಡೆಯ ಎಂಟನೆಯ ಎಲುಬು

ಮೊರಬ
ತಾ. 9-3-1986

ಡಾಕ್ಟರ್ ಗಂಗಪ್ಪನವರಿಗೆ,

ಮೊರಬದ ಕುಬೇರಪ್ಪ ಮಾಡುವ ನಮಸ್ಕಾರ. ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಪಿಯುಸಿಯಲ್ಲಿ ಓದುವಾಗ ಇದನ್ನು ಕೋಳಿ ಕೆದರಿದ ಬರಹ ಎನ್ನುತ್ತಿದ್ದವರು ನೀವೇ. 'ನೀನು' ಎಂದು ಶುರುಮಾಡಿ ಒಂದು ಹಾಳೆ ಹರಿದು ಹಾಕಿದೆ. ಹದಿಮೂರು ವರ್ಷವಾದ ಮೇಲೆ ಆ ಸಲಿಗೆ ನನಗಿದೆಯೋ ಇಲ್ಲವೋ ತಿಳಿಯಲಿಲ್ಲ. ಇದು ಎರಡನೆಯ ಹಾಳೆ.

ನಾನೀಗ ನವಲಗುಂದದ ಹತ್ತಿರ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ದಿನಾ ಮೊರಬದಿಂದ ಬಸ್ಸಿಗೆ ಹೋಗಿ ಬರುತ್ತೇನೆ. ನೀವು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್-ರೇ ಓದುವ ಡಾಕ್ಟರಾಗಿದ್ದೀರಿ ಎಂದು ಹನಮಪ್ಪ ಮಾಸ್ತರರು ಹೇಳಿದರು. ಒಂದೇ ಕಟ್ಟೆಯ ಮೇಲೆ, ಒಂದೇ ಬಲ್ಬಿನ ಕೆಳಗೆ ಓದಿದ ಇಬ್ಬರಲ್ಲಿ ಒಬ್ಬ ತೆಗೆಯುವವನಾದ, ಒಬ್ಬ ಓದುವವನಾದ. ಬುದ್ಧಿ ಯಾರಲ್ಲಿತ್ತು ಎಂಬುದು ಆಗಲೂ ಊರಿಗೆಲ್ಲ ಗೊತ್ತಿತ್ತು ಬಿಡಿ.

ವಿಷಯಕ್ಕೆ ಬರುತ್ತೇನೆ. ದೀಪಾವಳಿಯಿಂದ ನಮ್ಮವ್ವ ಸಾವಿತ್ರೆವ್ವನಿಗೆ ಎಡ ಬೆನ್ನಿನಲ್ಲಿ ನೋವು. ಸಂಜೆಗೆ ಮೈ ಬೆಚ್ಚಗಾಗುತ್ತದೆ, ಊಟ ಸೇರುವುದಿಲ್ಲ, ಕುಪ್ಪಸಗಳೆಲ್ಲ ದೊಗಳೆಯಾಗಿವೆ. ಹೋದ ತಿಂಗಳು ನಾನೇ ಎದೆಯ ಚಿತ್ರ ತೆಗೆದೆ. ನಮ್ಮ ಡಾಕ್ಟರು ನೋಡಿ 'ಶ್ವಾಸಕೋಶ ಸ್ವಚ್ಛ' ಎಂದು ಬರೆದು ನೋವಿಗೆ ಗುಳಿಗೆ ಕೊಟ್ಟರು. ನೋವು ಮಾತ್ರ ಇದ್ದಲ್ಲೇ ಇದೆ. ಚಿತ್ರ ಓದುವ ಅಧಿಕಾರ ನನಗಿಲ್ಲ. ಆದರೂ ದಿನಕ್ಕೆ ಹತ್ತಿಪ್ಪತ್ತು ಎದೆಗಳನ್ನು ನೋಡುವ ಕಣ್ಣು ಇದು. ಈ ಚಿತ್ರ ನನಗೆ ಸಮಾಧಾನ ಕೊಡುತ್ತಿಲ್ಲ.

ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಮೀರಾಸಾಬನ ಕೈಯಲ್ಲಿ ಚಿತ್ರ ಕಳಿಸಿದ್ದೇನೆ. ಒಮ್ಮೆ ನೋಡಿದರೆ ಉಪಕಾರ.

ಇಂತಿ,
ಕುಬೇರಪ್ಪ


ಹುಬ್ಬಳ್ಳಿ
ತಾ. 15-3-1986

ಶ್ರೀ ಕುಬೇರಪ್ಪನವರಿಗೆ,

ಚಿತ್ರ ತಲುಪಿತು. ಓದಿ, ಮೀರಾಸಾಬನ ಕೈಯಲ್ಲೇ ಹಿಂದಕ್ಕೆ ಕಳಿಸಿದ್ದೇನೆ. ಇನ್ನೊಮ್ಮೆ ಸುರುಳಿ ಸುತ್ತಿ ಕಳಿಸಬೇಡಿ. ಎರಡು ರಟ್ಟುಗಳ ನಡುವೆ ಇಟ್ಟು ಕಳಿಸಿ.

ಎದೆಯ ಚಿತ್ರ ಕೈಗೆ ಬಂದರೆ ಎಲ್ಲರ ಕಣ್ಣೂ ಕಪ್ಪು ಭಾಗಕ್ಕೆ, ಅಂದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಷಯ ಹುಡುಕಿ ಹುಡುಕಿ ನಮಗೆ ಬಿದ್ದ ರೂಢಿ ಅದು. ನಿಮ್ಮ ಡಾಕ್ಟರು ಬರೆದದ್ದು ಸುಳ್ಳಲ್ಲ, ಶ್ವಾಸಕೋಶ ಸ್ವಚ್ಛವಾಗಿಯೇ ಇದೆ. ಆದರೆ ನೋವಿರುವುದು ಅಲ್ಲಿ ಅಲ್ಲ.

ನಾನು ಮಾಡುವುದನ್ನು ಹೇಳುತ್ತೇನೆ, ನೀವೂ ನಿಮ್ಮಲ್ಲಿ ಮಾಡಿ ನೋಡಬಹುದು. ಚಿತ್ರವನ್ನು ತಲೆಕೆಳಗು ಮಾಡಿ ಬೆಳಕಿನ ಪೆಟ್ಟಿಗೆಗೆ ಸಿಗಿಸಿ. ಆಗ ಕಣ್ಣಿಗೆ ರೂಢಿ ತಪ್ಪಿ, ಶ್ವಾಸಕೋಶ ಮರೆತು ಎಲುಬು ಕಾಣತೊಡಗುತ್ತದೆ. ಆಮೇಲೆ ಒಂದೊಂದೇ ಪಕ್ಕೆಲುಬನ್ನು ಬೆನ್ನೆಲುಬಿನ ಹತ್ತಿರ ಹಿಡಿದು ಹೊರಗಿನ ತುದಿಯವರೆಗೆ ಪೆನ್ಸಿಲಿನಿಂದ ಹಿಂಬಾಲಿಸಿ. ಎಡದ್ದೊಂದು, ಬಲದ್ದೊಂದು. ಎರಡೂ ಒಂದೇ ತರಹ ಇರಬೇಕು.

ನಿಮ್ಮ ತಾಯಿಯವರ ಎಡಗಡೆಯ ಎಂಟನೆಯ ಎಲುಬು ಬೆನ್ನೆಲುಬಿನಿಂದ ಸರಿಯಾಗಿಯೇ ಹೊರಡುತ್ತದೆ. ಮುಂದೆ ಒಂದು ದೊಡ್ಡ ಬಿಳಿ ನೆರಳಿನೊಳಗೆ ಹೋಗಿ ಕಾಣೆಯಾಗುತ್ತದೆ. ಹೊರಗೆ ಬರುವ ಜಾಗದಲ್ಲಿ ಅದರ ಕೆಳ ಅಂಚು ಗೆರೆಯಾಗಿ ಉಳಿದಿಲ್ಲ, ಇಲಿ ಕಡಿದ ಹಾಗಿದೆ. ಒಳಗೆ ಎಷ್ಟು ದೂರ ಹಾಗಿದೆಯೋ ಹೇಳಲಾರೆ.

ಆ ಬಿಳಿ ನೆರಳು ಏನೆಂದು ನಾನು ಕೇಳುವುದಿಲ್ಲ. ಬೆಳ್ಳಿಯ ಕರಡಿಗೆ. ಒಳಗೆ ಇಷ್ಟಲಿಂಗವಿದ್ದರೂ ಬೆಳ್ಳಿ ಬೆಳ್ಳಿಯೇ, ಕಿರಣವನ್ನು ದಾಟಗೊಡುವುದಿಲ್ಲ. ಅದನ್ನು ತೆಗೆಸಿ, ಎಲುಬಿಗೆ ಹೊಂದುವಂತೆ ಯಂತ್ರ ಇಟ್ಟು ಇನ್ನೊಂದು ಚಿತ್ರ ತೆಗೆದು ಕಳಿಸಿ. ತಡಮಾಡಬೇಡಿ.

ಗಂಗಪ್ಪ


ಮೊರಬ
ತಾ. 24-3-1986

ಡಾಕ್ಟರರಿಗೆ,

ನೀವು ಹೇಳಿದಂತೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದೆ. ಕಂಡಿತು. ಕಂಡ ಮೇಲೆ ಡಾರ್ಕ್‌ರೂಮಿನ ಸ್ಟೂಲಿನ ಮೇಲೆ ಕುಳಿತು ಎಲುಬುಗಳನ್ನು ಮತ್ತೆ ಮೊದಲಿನಿಂದ ಎಣಿಸಿದೆ. ಹೊರಗೆ ನಿಂತವರು ಬಾಗಿಲು ಬಡಿದರು.

ಕರಡಿಗೆಯ ಮಾತು. ನಮ್ಮ ಕಡೆಯ ಹಿರಿಯರಿಗೆ ಅದನ್ನು ತೆಗೆಯಿರಿ ಎಂದು ಹೇಳುವ ಪದ್ಧತಿ ನಾನು ಇಟ್ಟುಕೊಂಡಿಲ್ಲ. ಸರ, ಬೋರಮಾಳ, ತಾಳಿ ಎಲ್ಲ ತೆಗೆಸುತ್ತೇನೆ, ಶಿವದಾರಕ್ಕೆ ಮಾತ್ರ ಕೈ ಹಚ್ಚುವುದಿಲ್ಲ. 'ಇರಲಿ ಬಿಡ್ರಿ' ಎಂದು ನಾನೇ ಮೊದಲು ಅಂದುಬಿಡುತ್ತೇನೆ. ಅವರಿಗೂ ಸಮಾಧಾನ, ನನಗೂ ಪುಣ್ಯ ಬಂದಷ್ಟು ಹಿಗ್ಗು. ಎಂಟು ವರ್ಷದಿಂದ ಹೀಗೇ ನಡೆದಿದೆ. ಅಂದು ಅವ್ವ ಪ್ಲೇಟಿಗೆ ಎದೆ ಹಚ್ಚಿ ನಿಂತಾಗ ಲಿಂಗ ಒತ್ತೀತೆಂದು ಕರಡಿಗೆಯನ್ನು ತಾನೇ ಎಡಕ್ಕೆ ಸರಿಸಿಕೊಂಡಳು. ನಾನು ನೋಡಿದೆ, ಸುಮ್ಮನೆ ಗುಂಡಿ ಒತ್ತಿದೆ.

ಅವ್ವ ಅದನ್ನು ತೆಗೆಯಲಾರಳು. ನಮ್ಮನ್ನು ಹಡೆಯುವಾಗಲೂ ಮೈಯಿಂದ ದೂರ ಮಾಡದವಳು. ನೀವೂ ಅವಳನ್ನು ಬಲ್ಲಿರಿ. ಪಕ್ಕದಿಂದ ತೆಗೆದ ಚಿತ್ರ ನಡೆದೀತೇ? ಇಲ್ಲವೇ ಈಗ ಕಂಡಷ್ಟರ ಮೇಲೆಯೇ ಏನಾದರೂ ಔಷಧ ಬರೆಯಲು ಬಂದೀತೇ?

ನೋವು ಹೆಚ್ಚಾಗಿದೆ. ಈಗ ನೀರಿನ ಕೊಡ ಎತ್ತುವುದಾಗುವುದಿಲ್ಲ. ಬಾಜು ಮನೆಯ ರಜಿಯಾಬಿ ತುಂಬಿ ಕೊಡುತ್ತಾಳೆ.

ಇಂತಿ,
ಕುಬೇರಪ್ಪ


ಹುಬ್ಬಳ್ಳಿ
ತಾ. 1-4-1986

ಕುಬೇರ,

'ನೀವು' ಸಾಕು. ಸಿಟ್ಟು ಬಂದಾಗ ಬಹುವಚನ ನನಗೆ ಆಗಿಬರುವುದಿಲ್ಲ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅವ್ವ ಒಪ್ಪಲಾರಳು ಎಂದು ಬರೆದಿದ್ದೀಯ. ಅವರನ್ನು ಕೇಳಿದೆ ಎಂದು ಎಲ್ಲಿಯೂ ಬರೆದಿಲ್ಲ. ಕೇಳಿಲ್ಲ ನೀನು. ಅವರ ಪರವಾಗಿ 'ಇಲ್ಲ' ಎಂದು ನೀನೇ ಹೇಳಿಕೊಂಡು, ಅದಕ್ಕೆ ಭಕ್ತಿ ಎಂದು ಹೆಸರಿಟ್ಟಿದ್ದೀಯ.

ನಿನ್ನ ಈ ಗುಣ ನನಗೆ ಹೊಸದಲ್ಲ. ನನಗೆ ಮೆಡಿಕಲ್ ಸೀಟಿನ ಕಾಗದ ಬಂದ ದಿನ ಮಳೆ ಹೊಡೆದು ಕಟ್ಟೆ ತೊಯ್ದಿತ್ತು. ನೀನೇ ಕೈ ಹಿಡಿದು ನನ್ನನ್ನು ನಡುಮನೆಗೆ ಕರೆದೊಯ್ದೆ. ಎರಡು ವರ್ಷದಲ್ಲಿ ಅದೊಂದೇ ಸಲ ನಾನು ನಿಮ್ಮ ಹೊಸ್ತಿಲು ದಾಟಿದ್ದು. ಅರ್ಧ ಗಂಟೆ ಕುಳಿತು, ಕಾಗದವನ್ನು ಅಲ್ಲಿಯೇ ಮರೆತು ನಮ್ಮ ಕೇರಿಗೆ ಹೋದೆ. ಅದನ್ನು ನಾನು ಆಮೇಲೆ ಯಾಕೆ ಕೇಳಲು ಬರಲಿಲ್ಲ, ಮಾಸ್ತರರ ಕೈಯಲ್ಲಿ ಯಾಕೆ ತರಿಸಿಕೊಂಡೆ ಎಂದು ನೀನು ಎಂದಾದರೂ ಯೋಚಿಸಿದ್ದೀಯೋ ಇಲ್ಲವೋ. ನಾನು ಬಂದಿದ್ದೆ. ಬಾಗಿಲು ತೆರೆದಿತ್ತು. ನಾನು ಕುಳಿತಿದ್ದ ಜಾಗವನ್ನು ನಿಮ್ಮವ್ವ ನೀರು ಹಾಕಿ ತೊಳೆಯುತ್ತಿದ್ದರು. ನೀನು ಅಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಅವರು ತಿಳಿದದ್ದನ್ನು ಅವರು ಮಾಡಿದರು. ಹಳೆಯ ಮಂದಿ. ನನಗೆ ಹದಿಮೂರು ವರ್ಷ ನೆನಪಿದ್ದವನು ನೀನು.

ಇದನ್ನೆಲ್ಲ ಬರೆಯಬಾರದೆಂದುಕೊಂಡಿದ್ದೆ. ಇರಲಿ. ಬರುವ ಮಂಗಳವಾರ ಅವರನ್ನು ಕರೆದುಕೊಂಡು ಬಾ. ಹತ್ತು ಗಂಟೆಯೊಳಗೆ ಬಾ. ಕರಡಿಗೆಯ ಮಾತನ್ನು ನಾನೇ ಆಡುತ್ತೇನೆ.

ಗಂಗಪ್ಪ


ಹುಬ್ಬಳ್ಳಿ
ತಾ. 9-4-1986

ಕುಬೇರ,

ನಿನ್ನೆ ನೀನು ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಾಗ ಒಳಗೆ ನಡೆದದ್ದನ್ನು ನಿನಗೆ ಹೇಳಲಾಗಲಿಲ್ಲ. ಹೊರಗೆ ಜನ ಇದ್ದರು. ನಮ್ಮಿಬ್ಬರಿಗೂ 'ಬಸ್ ಸಿಗತೈತಿ ಇಲ್ಲೋ' ಎಂಬುದನ್ನು ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಬರೆಯುವುದೇ ವಾಸಿ.

ನಿಮ್ಮವ್ವ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಗಂಗ್ಯಾ... ದುಂಡವ್ವನ ಮಗಾ ಅಲ್ಲೇನೋ ನೀ? ನಿಮ್ಮವ್ವ ಹೆಂಗದಾಳ?"

"ಆರಾಮ ಅದಾಳ್ರಿ. ನನ್ನ ಕೂಡ ಇಲ್ಲೇ ಇರತಾಳ್ರಿ."

ಆಮೇಲೆ ನಾನು ವಿಷಯ ಹೇಳಿದೆ. ಕರಡಿಗೆ ಅಡ್ಡ ಬಂದಿದೆ, ಅದರ ಹಿಂದಿನ ಎಲುಬು ನೋಡಬೇಕು ಎಂದೆ. ಅವರು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು.

"ಅಂಗದ ಮ್ಯಾಲಿಂದ ಲಿಂಗ ತಗೀಬಾರದೋ ತಮ್ಮಾ."

"ತಗೀಬ್ಯಾಡ್ರಿ ಅವ್ವಾರ. ಪೂಜಿ ಮುಂದ ಎಡಗೈಯಾಗ ಹಿಡೀತೀರಲ್ರಿ, ಹಂಗ ಹಿಡೀರಿ. ಅಂಗೈ ಅಂದ್ರನೂ ಅಂಗನ ಅಲ್ಲೇನ್ರಿ? ಬರೇ ಕರಡಗಿ ಮತ್ತ ದಾರ ಅಷ್ಟ ಬಾಜುಕ ಇಟ್ರ ಆತು."

ಅವರು ನನ್ನ ಮುಖವನ್ನೇ ನೋಡಿದರು. "ನಾ ಪೂಜಿ ಹೆಂಗ ಮಾಡತೀನಿ ಅಂತ ನಿನಗ ಹೆಂಗ ಗೊತ್ತೋ?"

"ಎರಡ ವರ್ಷ ನಿಮ್ಮ ಕಟ್ಟಿ ಮ್ಯಾಲೆ ಕುಂತು ಓದೇನ್ರಿ. ಕಿಡಕಿ ತೆರದಿರತಿತ್ತು."

ಅವರು ಗೋಡೆಯ ಕಡೆ ತಿರುಗಿ ಕರಡಿಗೆ ಬಿಚ್ಚಿದರು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. ಬರಿದಾದ ಕರಡಿಗೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿದರು. ಮೇಜಿನ ಮೇಲೆ ಯಾರದೋ ಕೈಕಟ್ಟಿನ ಬಟ್ಟೆ, ಉಗುಳುವ ಡಬ್ಬಿ. ಸ್ಟೂಲಿನ ಮೇಲೆ ಹಿಂದಿನ ರೋಗಿಯ ಅಂಗಿ. ಕೊನೆಗೆ ನನ್ನ ಕಡೆ ಚಾಚಿ "ಹಿಡಿ" ಎಂದರು.

ಹಿಡಿದೆ. ಪ್ಲೇಟಿನ ಮುಂದೆ ಅವರನ್ನು ನಿಲ್ಲಿಸಬೇಕಿತ್ತು. "ಹೆಗಲಾ ಮುಟ್ಟಬೇಕಾಗತೈತ್ರಿ" ಎಂದೆ. "ಮುಟ್ಟು" ಎಂದರು. ಎಡಗೈಯನ್ನು ತಲೆಗಿಂತ ಮೇಲೆತ್ತಿ ನಿಂತರು. ಆ ಕೈಗೆ ನೋವಿದೆ ಎಂದು ನನಗೆ ಗೊತ್ತಿತ್ತು. ಆದರೂ ಅದು ಅಲುಗಲಿಲ್ಲ. ನಾನು ತಡಿಕೆಯ ಹಿಂದೆ ಹೋಗಿ ಒಂದು ಕೈಯಲ್ಲಿ ಕರಡಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಗುಂಡಿ ಒತ್ತಿದೆ. ಚಿತ್ರ ಚೆನ್ನಾಗಿ ಬಂದಿದೆ.

ಎಂಟನೆಯ ಎಲುಬು ಎರಡು ಬೆರಳಿನಷ್ಟು ಉದ್ದ ತಿಂದುಹೋಗಿದೆ. ಉಳಿದ ಇಪ್ಪತ್ಮೂರನ್ನೂ ಎಣಿಸಿ ನೋಡಿದೆ, ಸರಿಯಾಗಿವೆ. ನಿನಗೆ ಮುಚ್ಚಿಡುವುದಿಲ್ಲ. ಹೀಗೆ ಕಾಣುವ ಕಾಯಿಲೆ ಮೂರಿವೆ. ಬೇರೆಲ್ಲೋ ಹುಟ್ಟಿದ ಗಡ್ಡೆ ಎಲುಬಿಗೆ ಇಳಿದಿರಬಹುದು. ಎಲುಬಿನೊಳಗಿನ ಮಜ್ಜೆಯದ್ದೇ ಕಾಯಿಲೆ ಇರಬಹುದು. ಇಲ್ಲವೇ ಎಲುಬಿಗೆ ಹತ್ತಿದ ಕ್ಷಯ. ಮೊದಲಿನ ಎರಡಾದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಮೂರನೆಯದಾದರೆ ಬದುಕುತ್ತಾರೆ. ಚಿತ್ರ ನೋಡಿ ಇಷ್ಟೇ ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳುವವನು ಸುಳ್ಳು ಹೇಳುತ್ತಾನೆ. ಹೆಗಲು ಸರಿಪಡಿಸುವಾಗ ಆ ಎಲುಬಿನ ಮೇಲೆ ಮೆತ್ತಗೆ ಊದಿದ್ದು ಕೈಗೆ ಹತ್ತಿತು. ಅದಕ್ಕೇ ಮಧ್ಯಾಹ್ನ ಸೂಜಿ ಹಾಕಿ ಒಳಗಿನದನ್ನು ತೆಗೆಸಿ ಪರೀಕ್ಷೆಗೆ ಕಳಿಸಿದ್ದು. ಉತ್ತರ ಬರಲು ನಾಲ್ಕು ವಾರವಾದರೂ ಬೇಕು.

ಗಂಗಪ್ಪ


ಮೊರಬ
ತಾ. 20-4-1986

ಗಂಗಪ್ಪ,

ನಾಲ್ಕು ವಾರ ಎಂದಿದ್ದೆ. ಇನ್ನೂ ಎರಡು ವಾರವೂ ಆಗಿಲ್ಲ. ಮೂರು ಕಾಯಿಲೆಯ ಮಾತನ್ನು ಅವ್ವನಿಗೆ ಹೇಳಿಲ್ಲ. ಅವಳೂ ಕೇಳಿಲ್ಲ. ಬೆಳಿಗ್ಗೆ ಪೂಜೆ ಮಾಡುವಾಗ ಈಗ ಕಿಟಕಿಯ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೇ.

ಕೈ ಕಟ್ಟಿ ಕೂರಲಾಗಲಿಲ್ಲ. ಆಸ್ಪತ್ರೆಯ ಕಪಾಟಿನಲ್ಲಿದ್ದ ಹಳೆಯ ಎದೆಯ ಚಿತ್ರಗಳನ್ನೆಲ್ಲ ಇಳಿಸಿದೆ. ಕರಡಿಗೆಯ ನೆರಳು ಬಿದ್ದವು ನಲವತ್ತೊಂದು ಸಿಕ್ಕವು. ಒಂದೊಂದನ್ನೂ ತಲೆಕೆಳಗು ಮಾಡಿ ಎಣಿಸಿದೆ. ನಲವತ್ತೊಂದು ಮಂದಿಗೆ 'ಇರಲಿ ಬಿಡ್ರಿ' ಎಂದಿದ್ದೇನೆ ನಾನು. ನೆರಳಿನ ಹಿಂದೆ ಏನಿದೆ ಎಂದು ಯಾರು ಹೇಳಬೇಕು? ನಮ್ಮ ಡಾಕ್ಟರರ ಮುಂದೆ ತಪ್ಪು ಒಪ್ಪಿಕೊಂಡೆ. ಬೈದರು. ಆಮೇಲೆ ಎಲ್ಲರಿಗೂ ಕಾರ್ಡು ಬರೆಯಲು ಹೇಳಿದರು. ಬರೆಯುತ್ತಿದ್ದೇನೆ. ಅಣ್ಣಿಗೇರಿಯ ಕಸ್ತೂರೆವ್ವ ಎಂಬ ಮುದುಕಿ ಮೊದಲು ಬಂದಳು. ಲಿಂಗವನ್ನು ಅಂಗೈಯಲ್ಲಿ ಹಿಡಿಯಿರಿ ಎಂದೆ. "ಇಷ್ಟ ಹೇಳಾಕ ಏನಾಗಿತ್ತೋ ನಿನಗ ಆವಾಗ?" ಎಂದಳು. ಅವಳ ಎಲುಬು ಚೆನ್ನಾಗಿವೆ.

ಆ ಮಾತು ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಈಗ ಹೇಳುತ್ತೇನೆ. ನೀನು ಮೆಡಿಕಲ್ ಸೇರಿದ ಮೇಲೆ ದೊಡ್ಡವನಾದೆ, ನಮ್ಮನ್ನು ಮರೆತೆ ಎಂದು ಇಷ್ಟು ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ನನಗೂ ಅದು ಅನುಕೂಲವಾಗಿತ್ತು. ನೀನು ಮರಳಿ ಬಂದದ್ದು ನಿಜವಾಗಿ ನನಗೆ ಗೊತ್ತಿರಲಿಲ್ಲ. ಆದರೆ ನಿನ್ನ ಪತ್ರದಲ್ಲಿ ಒಂದು ತಪ್ಪಿದೆ. ನಾನು ಅಲ್ಲಿ ಸುಮ್ಮನೆ ನಿಂತಿರಲಿಲ್ಲ. ಅವ್ವ "ನೀರ ತಾ" ಎಂದಳು. ಹಿತ್ತಲಿಗೆ ಹೋಗಿ ಹಂಡೆಯಿಂದ ಕೊಡ ತುಂಬಿ ತಂದವನು ನಾನು. ಒಂದು ಸಲವಲ್ಲ, ಎರಡು ಸಲ ತಂದೆ. ಸ್ವಲ್ಪ ಹೊತ್ತಿನ ಮೊದಲು ನಿನ್ನ ಕೈ ಹಿಡಿದಿದ್ದ ಕೈಯಿಂದಲೇ ತಂದೆ.

ನಿಂತಿದ್ದೆ ಎಂದು ನೀನು ಬರೆದದ್ದನ್ನು ಓದಿದಾಗ ಮೊದಲು ನನಗೆ ಆದದ್ದು ಸಮಾಧಾನ, ಪುಣ್ಯಕ್ಕೆ ಕೊಡ ನೋಡಿಲ್ಲವಲ್ಲ ಎಂದು. ಆ ಸಮಾಧಾನಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗಿದೆ.

ಅವ್ವನ ಪರೀಕ್ಷೆಯ ಉತ್ತರ ಏನೇ ಬರಲಿ, ಬರೆ.

ಕುಬೇರ


ಹುಬ್ಬಳ್ಳಿ
ತಾ. 12-5-1986

ಕುಬೇರ,

ಕ್ಷಯ.

ಈ ಮಾತನ್ನು ಇಷ್ಟು ಸಂತೋಷದಿಂದ ನಾನು ಹಿಂದೆಂದೂ ಬರೆದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಈ ಶಬ್ದ ಕೇಳಿ ಮಂದಿ ಅಳುತ್ತಾರೆ, ನಾನು ವರದಿ ಹಿಡಿದುಕೊಂಡು ವರಾಂಡದಲ್ಲಿ ಎರಡು ಸುತ್ತು ತಿರುಗಿದೆ. ಎರಡು ತಿಂಗಳು ದಿನಾ ಇಂಜೆಕ್ಷನ್, ಜೊತೆಗೆ ಒಂದೂವರೆ ವರ್ಷ ಗುಳಿಗೆ. ಚೀಟಿ ಇದರೊಳಗೇ ಇದೆ. ನೋವು ಹೋಯಿತೆಂದು ನಡುವೆ ಬಿಟ್ಟರೆ ಎಲ್ಲ ವ್ಯರ್ಥ. ಅವರಿಗೆ ಹೇಳು. ಈ ಸಲ ಬಾಯಿಬಿಟ್ಟು ಹೇಳು. ಶ್ರಾವಣದಲ್ಲಿ ಇನ್ನೊಂದು ಚಿತ್ರ ತೆಗೆಯೋಣ. ಅದನ್ನು ನೀನೇ ತೆಗೆ, ನಾನು ಓದುತ್ತೇನೆ.

ಕೊಡದ ಮಾತು. ನಾನು ನೋಡಿದ್ದೆ. ಹಿತ್ತಾಳೆಯ ಕೊಡ, ಕಂಠಕ್ಕೆ ಸಣ್ಣ ನೆಗ್ಗು. ಪತ್ರದಲ್ಲಿ ನಿಂತಿದ್ದೆ ಎಂದು ಬೇಕೆಂದೇ ಬರೆದೆ. ಉಳಿದದ್ದನ್ನು ನೀನು ಹೇಳುತ್ತೀಯೋ ಇಲ್ಲವೋ ನೋಡಬೇಕಾಗಿತ್ತು. ಹೇಳದಿದ್ದರೂ ಅವ್ವನ ಚಿತ್ರ ಓದುವುದನ್ನು ಬಿಡುತ್ತಿರಲಿಲ್ಲ. ನಿನಗೆ ಪತ್ರ ಬರೆಯುವುದನ್ನು ಬಿಡುತ್ತಿದ್ದೆ.

ಇನ್ನು ಅದರ ಮಾತು ಬೇಡ. ಉಳಿದ ನಲವತ್ತು ಜನರಲ್ಲಿ ಎಷ್ಟು ಮಂದಿ ಬಂದರು?

ಗಂಗಪ್ಪ


ಮೊರಬ
ತಾ. 6-7-1986

ಗಂಗಪ್ಪ,

ಇಪ್ಪತ್ತೊಂಬತ್ತು ಮಂದಿ ಬಂದರು. ಅನುಮಾನ ಬಂದ ಇಬ್ಬರ ಚಿತ್ರ ರಟ್ಟಿನೊಳಗಿಟ್ಟು ಕಳಿಸಿದ್ದೇನೆ, ನೋಡು. ಬರದವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ವಯಸ್ಸಾಗಿತ್ತು ಎಂದರು ಮನೆಯವರು. ನೆರಳಿನ ಹಿಂದೆ ಏನಾದರೂ ಇತ್ತೋ ಏನೋ ನನಗೆ ಎಂದಿಗೂ ತಿಳಿಯುವುದಿಲ್ಲ. ಉಳಿದವರ ಊರಿಗೆ ಭಾನುವಾರಕ್ಕೊಬ್ಬರಂತೆ ನಾನೇ ಹೋಗುತ್ತಿದ್ದೇನೆ. ಎಕ್ಸ್-ರೇ ಕೋಣೆಯ ಬಾಗಿಲಿಗೆ 'ಲಿಂಗವನ್ನು ಅಂಗೈಯಲ್ಲಿ ಹಿಡಿಯಿರಿ' ಎಂದು ಬರೆದು ಹಚ್ಚಿದೆ. ಓದಲು ಬಾರದವರಿಗೆ ಬಾಯಿಂದ ಹೇಳುತ್ತೇನೆ. ಯಾರೂ ಇದುವರೆಗೆ ಬೇಡ ಎಂದಿಲ್ಲ.

ಅವ್ವನ ಜ್ವರ ಬಿಟ್ಟಿದೆ. ಜೋಳದ ರೊಟ್ಟಿ ಎರಡು ತಿನ್ನುತ್ತಾಳೆ. ಹೋದ ವಾರ ನಿನ್ನ ಪತ್ರಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. ಏಪ್ರಿಲ್ ಒಂದನೆಯ ತಾರೀಖಿನದನ್ನೂ ಓದಿದೆ. ನೀನು ಬಾಗಿಲಲ್ಲಿ ಬಂದು ನಿಂತಿದ್ದೆ ಎಂಬಲ್ಲಿಗೆ ಬಂದಾಗ ಹಾಳೆ ಮಡಿಚಲು ಹೋದೆ. "ಮುಂದ ಓದು" ಎಂದಳು. ಓದಿ ಮುಗಿಸಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ಹೋದಳು. ಮೂರನೆಯ ದಿನ ಹಾಳೆ, ಪೆನ್ನು ಕೇಳಿದಳು. ಬರೆದದ್ದನ್ನು ನನಗೆ ತೋರಿಸಲಿಲ್ಲ, ತಾನೇ ಅನ್ನ ಹಚ್ಚಿ ಲಕೋಟೆ ಅಂಟಿಸಿದ್ದಾಳೆ. ಇದರ ಜೊತೆಗೇ ಇಟ್ಟಿದ್ದೇನೆ.

ನಿನ್ನ
ಕುಬೇರ


ಮೊರಬ
ರವಿವಾರ

ಗಂಗಪ್ಪಗ,

ನನಗ ಬರದು ರೂಢಿ ಇಲ್ಲ. ಸಣ್ಣಾಕಿ ಇದ್ದಾಗ ವಚನ ಓದಾಕಂತ ಮಠದಾಗ ಅಕ್ಷರಾ ಕಲಿಸಿದ್ರು. ಮಾತಾಡಿದಂಗ ಬರೀತೀನಿ, ತಪ್ಪಿದ್ರ ಓದಿಕೋ.

ನನ್ನ ಮಗಾ ನಿನ್ನ ಕಾಗದಾ ಓದಿ ಹೇಳಿದಾ. ಆ ದಿನಾ ನೀ ಬಾಗಲದಾಗ ಬಂದು ನಿಂತಿದ್ದಿ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿದ್ರೂ ಆವಾಗ ನಾ ತೊಳಿಯೂದು ಬಿಡತಿರಲಿಲ್ಲ, ಸುಳ್ಳ ಯಾಕ ಹೇಳಲಿ. ನನಗ ಅದ ಸರಿ ಅನಸಿತ್ತು. ನೀ ಹಳೇ ಮಂದಿ ಅಂತ ಬರದು ನನ್ನ ಬಿಟ್ಟಬಿಟ್ಟಿ. ಹಂಗ ಬಿಡಬ್ಯಾಡ. ತಪ್ಪ ನಂದು. ಕುಬ್ಯಾ ನೀರ ತಂದಾ, ತಾ ಅಂದಾಕಿ ನಾನು.

ದವಾಖಾನಿಯೊಳಗ ಕರಡಗಿ ನಿನ್ನ ಕೈಯಾಗ ಕೊಟ್ನಿ. ಚಿತ್ರಾ ತಗದ ಮ್ಯಾಲೆ ನೀ ಅದನ್ನ ನಿನ್ನ ಕಿಸೇದಾಗಿನ ಸ್ವಚ್ಛ ವಸ್ತ್ರದಾಗಿಟ್ಟು ಎರಡೂ ಕೈಲೆ ವಾಪಸ ಕೊಟ್ಟಿ. ಮನಿಗೆ ಬಂದು ಅದನ್ನ ತೊಳೀಬೇಕೇನ ಅಂತ ಒಂದ ಗಳಿಗಿ ಕೈಯಾಗ ಹಿಡಕೊಂಡು ನಿಂತ್ನಿ. ತೊಳೀಲಿಲ್ಲ. ಹಂಗ ಕೊಳ್ಳಾಗ ಹಾಕ್ಕೊಂಡೀನಿ. ಇದನ್ನ ಕುಬ್ಯಾಗೂ ಹೇಳಿಲ್ಲ.

ಗುಳಗಿ ತಪ್ಪಸೂದಿಲ್ಲ. ಒಂದೂವರಿ ವರ್ಷ ಅಂದಿಯಂತ, ತಗೋತೀನಿ.

ಶ್ರಾವಣದಾಗ ಒಂದ ಸೋಮಾರ ಬಾ. ನಿಮ್ಮವ್ವ ದುಂಡವ್ವನ್ನೂ ಕರಕೊಂಡ ಬಾ. ಕಟ್ಟಿ ಮ್ಯಾಲೆ ಕುಂದ್ರಬ್ಯಾಡ್ರಿ, ನಡಮನಿಗೆ ಬರ್ರಿ, ಅಲ್ಲೇ ಉಂಡ ಹೋಗೀರಂತ. ಈಗ ನನಗ ಕೊಡಾ ಎತ್ತಾಕ ಬರತೈತಿ. ಹಬ್ಬಕ್ಕ ತೊಳದಂಗ ಆ ನೆಲಾ ನಾನ ತೊಳದಿಟ್ಟಿರತೀನಿ, ನೀವು ಬರೂಕಿಂತ ಮೊದಲ. ನೀವು ಹ್ವಾದ ಮ್ಯಾಲೆ ತೊಳಿಯೂದಿಲ್ಲ.

ಸಾವಿತ್ರೆವ್ವ